ಚಾವಿ ಪೆಟ್ಟಿಗೆಯ ಗುರುತು

ಚಾವಿ ಕೊಟ್ಟು ನುಡಿಸುವ ಪೆಟ್ಟಿಗೆ ಗ್ರಾಮಫೋನುಗಳೆಲ್ಲ ಒಂದೇ ಬಗೆಯವು ಎಂದು ತಿಳಿದವರೇ ಹೆಚ್ಚು. ಕಪ್ಪು ಹೊದಿಕೆ, ಎತ್ತಿಕೊಂಡು ಹೋಗಲು ಒಂದು ಹಿಡಿಕೆ, ಮುಚ್ಚಳ ತೆರೆದರೆ ಒಳಗೆ ನಾಯಿಯ ಚಿತ್ರ. ಇಷ್ಟು ಕಂಡರೆ ‘ಇದು ಎಚ್‌ಎಂವಿ’ ಎಂದು ಹೇಳಿ ಮುಗಿಸಿಬಿಡುತ್ತಾರೆ. ಆದರೆ ನಾಯಿಯ ಚಿತ್ರ ತಿಳಿಸುವುದು ಬಹಳ ಕಡಿಮೆ. ಫ್ರಾನ್ಸಿಸ್ ಬರೋ ಎಂಬ ಚಿತ್ರಕಾರ ಬರೆದ ಆ ನಿಪ್ಪರ್ ನಾಯಿಯನ್ನು ಗ್ರಾಮಫೋನ್ ಕಂಪನಿ ಕೊಂಡುಕೊಂಡದ್ದು 1899ರಲ್ಲಿ. ಇಂದು ಅದನ್ನು ಯಾರು ಬೇಕಾದರೂ ಮುದ್ರಿಸಿ ಅಂಟಿಸಬಹುದು, ಅಂಟಿಸುತ್ತಲೂ ಇದ್ದಾರೆ. ಕನ್ನಡ ಶಾಲೆಯ ನೌಕರಿಯಿಂದ ನಿವೃತ್ತನಾದ ಮೇಲೆ ಜತ್ತ, ಅಕ್ಕಲಕೋಟೆಗಳ ಹಳ್ಳಿಗಳಲ್ಲಿ ಇಂಥ ಪೆಟ್ಟಿಗೆಗಳನ್ನು ತೆರೆದು, ಶುಚಿಗೊಳಿಸಿ, ಮತ್ತೆ ನುಡಿಸುವಂತೆ ಮಾಡುವ ಹವ್ಯಾಸ ನನಗೆ ಅಂಟಿಕೊಂಡಿತು. ಗಡಿಯಾರ ಬಿಚ್ಚುವ ಚಪಲ ಚಿಕ್ಕಂದಿನಿಂದಲೂ ಇತ್ತು. ಅದು ಹೀಗೆ ಬೆಳೆಯಿತೆನ್ನಬಹುದು.

ನಮ್ಮ ಸೀಮೆಯ ಅಟ್ಟಗಳಲ್ಲಿ ಹೆಚ್ಚಾಗಿ ಸಿಗುವವು ಎಚ್‌ಎಂವಿಯ ಎರಡು ಮಾದರಿಗಳು: 101 ಮತ್ತು 102. ಮೊದಲನೆಯದು 1925ರಲ್ಲಿ ಬಂದಿತು, 1931ರ ಹೊತ್ತಿಗೆ ನಿಂತಿತು. ವಿದ್ಯುತ್ತಿನಿಂದ ಧ್ವನಿಮುದ್ರಣ ಮಾಡುವ ಪದ್ಧತಿ ಆರಂಭವಾದದ್ದೂ ಅದೇ 1925ರಲ್ಲಿ ಎಂಬುದನ್ನು ನೆನಪಿನಲ್ಲಿಡಬೇಕು. 101ರ ತೀರ ಮೊದಲಿನ ಪೆಟ್ಟಿಗೆಗಳಿಗೆ ಚಾವಿಯ ರಂಧ್ರ ಮುಂಭಾಗದಲ್ಲಿದೆ. ನಂತರದವುಗಳಲ್ಲಿ ಅದು ಬಲಮಗ್ಗುಲಿಗೆ ಸರಿದಿದೆ. ಪೆಟ್ಟಿಗೆಯನ್ನು ತೆರೆಯುವ ಮೊದಲೇ, ಹೊರಗಿನಿಂದಲೇ, ಒಂದೆರಡು ವರ್ಷಗಳ ಅಂತರವನ್ನು ತೋರಿಸಿಕೊಡುವ ಗುರುತು ಇದು. ಮುಂಭಾಗದಲ್ಲಿ ಚಾವಿಯಿರುವ 101 ನನ್ನ ಕೈಗೆ ಸಿಕ್ಕದ್ದು ಒಂದೇ ಒಂದು ಸಲ. ಅದರ ಒಡೆಯರು ಅದರ ಮೇಲೆ ದೇವರ ದೀಪ ಇಡುತ್ತಿದ್ದರು.

102 ಬಂದದ್ದು 1931ರಲ್ಲಿ. ಅದರ ಆಯುಷ್ಯ ದೀರ್ಘ. 1950ರ ದಶಕದ ಕೊನೆಯವರೆಗೂ ಅದು ತಯಾರಾಗುತ್ತಿತ್ತು. ಆದ್ದರಿಂದ ‘ನಮ್ಮಜ್ಜನ ಪೆಟ್ಟಿಗೆ ನೂರು ವರ್ಷದ್ದು’ ಎಂದು ಹೇಳುವವರ ಮನೆಯಲ್ಲಿ ಅನೇಕ ಸಲ ಸ್ವಾತಂತ್ರ್ಯಾನಂತರದ 102 ಇರುತ್ತದೆ. ಅದರಲ್ಲಿ ಕುಂದೇನೂ ಇಲ್ಲ. ಮಾದರಿಯ ಸಂಖ್ಯೆಯ ಮುಂದೆ ಒಂದು ಅಕ್ಷರವಿದ್ದರೆ ಅದನ್ನೂ ಬರೆದುಕೊಳ್ಳಬೇಕು. ಕಾಲಕಾಲಕ್ಕೆ ಆದ ಮಾರ್ಪಾಡುಗಳನ್ನು ಆ ಅಕ್ಷರಗಳು ಸೂಚಿಸುತ್ತವೆ.

ಇವೆರಡನ್ನೂ ಬೇರ್ಪಡಿಸುವ ಮುಖ್ಯ ಸಾಕ್ಷಿ ಸೌಂಡ್‌ಬಾಕ್ಸ್, ಅಂದರೆ ಸೂಜಿಯನ್ನು ಹಿಡಿದಿರುವ ದುಂಡನೆಯ ತಲೆ. 101ರ ತಲೆಯ ಮೇಲೆ ಸಾಮಾನ್ಯವಾಗಿ 4 ಎಂಬ ಅಂಕೆ ಇರುತ್ತದೆ. ಅದರ ಪೊರೆ ಅಭ್ರಕದ್ದು, ಬೆಳಕಿಗೆ ಹಿಡಿದರೆ ಹೊಳೆಯುತ್ತದೆ. 102ರಲ್ಲಿ ಕಾಣುವವು 16, 5ಎ, 5ಬಿ ಎಂಬ ತಲೆಗಳು. 5ಎ, 5ಬಿಗಳ ಪೊರೆ ಅಲ್ಯೂಮಿನಿಯಮಿನದು. ಧ್ವನಿಯಲ್ಲಿಯೂ ವ್ಯತ್ಯಾಸವಿದೆ. ಅಭ್ರಕದಲ್ಲಿ ಹಳೆಯ ಗಾಯನ ಮೃದುವಾಗಿ, ತುಸು ಮೂಗಿನಿಂದ ಬಂದಂತೆ ಕೇಳುತ್ತದೆ. ಅಲ್ಯೂಮಿನಿಯಮಿನಲ್ಲಿ ತಬಲದ ಪೆಟ್ಟು ಸ್ಪಷ್ಟ. ಮಿರಜಿನ ಅಬ್ದುಲ್ ಕರೀಮ್ ಖಾನರ ತಟ್ಟೆಗಳನ್ನು ಎರಡರಲ್ಲಿಯೂ ಕೇಳಿದ್ದೇನೆ. ನನ್ನ ಒಲವು ಅಭ್ರಕದ ಕಡೆಗೆ. ಬಲ್ಲವರು ಇದನ್ನು ಒಪ್ಪಲಿಕ್ಕಿಲ್ಲ.

ಎಲ್ಲ ಪೆಟ್ಟಿಗೆಗಳೂ ಎಚ್‌ಎಂವಿ ಅಲ್ಲ ಎಂಬುದನ್ನೂ ಹೇಳಬೇಕು. ಮುಚ್ಚಳದೊಳಗೆ ಲೋಹದ ಬೋಗುಣಿಯಂಥ ತಗ್ಗು ಇದ್ದು, ಧ್ವನಿ ಅದಕ್ಕೆ ತಾಗಿ ಹೊರಬರುವಂತಿದ್ದರೆ ಅದು ಡೆಕ್ಕಾ ಆಗಿರಬಹುದು. ಆ ಪೆಟ್ಟಿಗೆ ಮೊದಲು ಬಂದದ್ದು 1914ರಲ್ಲಿ. ಮೊದಲನೆಯ ಮಹಾಯುದ್ಧದ ಕಂದಕಗಳಿಗೆ ಸೈನಿಕರು ಅದನ್ನು ಹೊತ್ತೊಯ್ದರು. ಎಚ್‌ಎಂವಿಯಲ್ಲಿ ಕೊಂಬು ಪೆಟ್ಟಿಗೆಯ ಹೊಟ್ಟೆಯೊಳಗೇ ಸುತ್ತಿಕೊಂಡಿರುತ್ತದೆ. ಧ್ವನಿ ಹಿಂಬದಿಯ ತೆರಪಿನಿಂದ ಹೊರಟು, ಎತ್ತಿದ ಮುಚ್ಚಳಕ್ಕೆ ಬಡಿದು, ಕೇಳುಗರತ್ತ ತಿರುಗುತ್ತದೆ. ಕೊಲಂಬಿಯಾದ ಕೆಲವು ಪೆಟ್ಟಿಗೆಗಳಲ್ಲಿ ಧ್ವನಿ ಸಾಗುವ ತೋಳು ದುಂಡಗೆ ಬಾಗದೆ, ಚಪ್ಪಟೆ ಮುಖದ ಮೂಲೆಯಾಗಿ ತಿರುಗಿರುತ್ತದೆ. ಒಮ್ಮೆ ಕಂಡರೆ ಅದನ್ನು ಮರೆಯಲಾಗದು.

ಲೋಹದ ಲೇಪವೂ ಮಾತಾಡುತ್ತದೆ. ನಿಕ್ಕಲ್ ತುಸು ಹಳದಿ ಛಾಯೆಯದು, ಕಾಲಕ್ರಮದಲ್ಲಿ ಮಂಕಾಗುತ್ತದೆ. ಕ್ರೋಮಿಯಂ ನೀಲಿ ಮಿಶ್ರಿತ ಬಿಳುಪು. ಅದು ಬಳಕೆಗೆ ಬಂದದ್ದು 1920ರ ದಶಕದ ಕೊನೆಯಲ್ಲಿ. ಇನ್ನು ಸ್ಕ್ರೂಗಳು. ಹಳೆಯವುಗಳ ತಲೆಯಲ್ಲಿ ಒಂದೇ ಗೀರು ಇರುತ್ತದೆ. 1920ರ ದಶಕದ್ದೆಂದು ಹೇಳುವ ಪೆಟ್ಟಿಗೆಯಲ್ಲಿ ಕೂಡಿಸುವ ಚಿಹ್ನೆಯಂಥ ಗೀರಿನ ಸ್ಕ್ರೂ ಕಂಡರೆ, ಬಳಿಕ ಯಾರೋ ಅಲ್ಲಿ ಕೈಯಾಡಿಸಿದ್ದಾರೆಂದು ತಿಳಿಯಬೇಕು.

ಇಷ್ಟೆಲ್ಲ ಗುರುತು ಏಕೆ ಬೇಕು? ಕಾರಣವಿದೆ. ಪಟ್ಟಣದ ಹೋಟೆಲುಗಳಲ್ಲಿಯೂ ಅಲಂಕಾರದ ಅಂಗಡಿಗಳಲ್ಲಿಯೂ ಫಳಫಳ ಹೊಳೆಯುವ ಹಿತ್ತಾಳೆಯ ಕೊಂಬಿನ ಗ್ರಾಮಫೋನುಗಳನ್ನು ನೀವು ನೋಡಿರಬಹುದು. ಅವುಗಳಲ್ಲಿ ಬಹುಪಾಲು ಇತ್ತೀಚೆಗೆ ಮಾಡಿದವು. ಕೊಂಬು ಹೊಸದು, ಮರದ ಪೀಠ ಹೊಸದು, ನಾಯಿಯ ಫಲಕ ಹೊಸದು. ಒಳಗೆ ತಿರುಗುವ ಯಂತ್ರ ಮಾತ್ರ ಅನೇಕ ಸಲ ಹಳೆಯದು. ಯಾವುದೋ ಪೆಟ್ಟಿಗೆ ಗ್ರಾಮಫೋನಿನಿಂದ ಕಿತ್ತು ತಂದದ್ದು. ಅಂದರೆ ಇಂಥ ಒಂದು ಅಲಂಕಾರದ ವಸ್ತು ಹುಟ್ಟಬೇಕಾದರೆ ನಿಜವಾದ ಒಂದು ಪೆಟ್ಟಿಗೆ ಸಾಯಬೇಕು.

ಕಳೆದ ದೀಪಾವಳಿಯ ಮರುವಾರ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಬೈಕಿನ ಹಿಂದೆ ಮಗಳನ್ನು ಕೂರಿಸಿಕೊಂಡು, ಅವಳ ತೊಡೆಯ ಮೇಲೆ ಗೋಣಿಯಲ್ಲಿ ಸುತ್ತಿದ ಪೆಟ್ಟಿಗೆಯನ್ನಿಟ್ಟು ನನ್ನಲ್ಲಿಗೆ ಬಂದ. ಹುಡುಗಿ ನಮ್ಮ ಕನ್ನಡ ಶಾಲೆಯಲ್ಲಿಯೇ ಒಂಬತ್ತನೆಯ ತರಗತಿ. ಮಳೆ ಕೈಕೊಟ್ಟ ವರ್ಷ. ಮುಂದಿನ ಓದಿಗೆ ಅವಳನ್ನು ಊರ ಹೊರಗೆ ಇಡಬೇಕು, ಹಣ ಬೇಕು. ಹಳೆಯ ಸಾಮಾನು ಕೊಳ್ಳುವವನೊಬ್ಬ ಮನೆಗೆ ಬಂದು ಹೋಗಿದ್ದಾನೆ.

“ಗುರುಗಳ, ಮಿಷಿನ್ ಅಷ್ಟ ಬೇಕಂತಾನ್ರಿ. ಪೆಟಗಿ ನೀವ ಇಟ್ಕೋರಿ ಅಂದಾನ್ರಿ,” ಎಂದ.

ಪೆಟ್ಟಿಗೆ ಮನೆಯಲ್ಲೇ ಉಳಿಯುವುದಲ್ಲ ಎಂಬ ಸಮಾಧಾನ ಅವನ ಮುಖದಲ್ಲಿತ್ತು. ಯಂತ್ರವಿಲ್ಲದ ಪೆಟ್ಟಿಗೆ ಏನಾಗುತ್ತದೆಂದು ಅವನಿಗೆ ಹೇಳುವ ಮೊದಲು, ಇದು ಯಾವುದು ಎಂದು ಮಗಳಿಗೇ ನೋಡಹೇಳಿದೆ. ಅವಳು ಫಲಕದ ಮೇಲಿನ ಧೂಳು ಒರೆಸಿ 102 ಎಂದು ಓದಿದಳು. ಸೌಂಡ್‌ಬಾಕ್ಸಿನ ಮೇಲೆ 4 ಎಂದಿತ್ತು. “ಇವೆರಡೂ ಕೂಡೂದಿಲ್ಲಲ್ರಿ ಸರ್?” ಎಂದು ತಾನೇ ಕೇಳಿದಳು, ನಾನು ಹೇಳಿದ್ದು ಅದಕ್ಕೆ ಸ್ವಲ್ಪ ಮುಂಚೆ. ತೋಳಿನ ಕೊರಳಿಗೆ ಯಾರೋ ಕಾಗದ ಸುತ್ತಿ ಆ ತಲೆಯನ್ನು ಬಿಗಿಸಿದ್ದರು. ಅಜ್ಜನ ಕಾಲದಲ್ಲಿ ಮೂಲದ ತಲೆ ಕೆಟ್ಟಿರಬೇಕು. 5ಎ, 5ಬಿಗಳ ಎರಕದ ಲೋಹ ವರ್ಷಗಳು ಕಳೆದಂತೆ ಉಬ್ಬಿ ಬಿರುಕು ಬಿಡುವುದು ಎಲ್ಲೆಡೆ ಕಂಡದ್ದೇ. ಉಳಿದಂತೆ ಎಲ್ಲವೂ ಮೂಲದ್ದು: ಯಂತ್ರ, ತೋಳು, ಸ್ಕ್ರೂಗಳು, ಮೂಲೆಯಲ್ಲಿ ಹೊರಕ್ಕೆ ತಿರುಗುವ ಸೂಜಿಯ ಬಟ್ಟಲು.

ಸ್ಪ್ರಿಂಗಿನ ಗ್ರೀಸು ಗಟ್ಟಿಯಾಗಿತ್ತು, ಆದರೂ ತಿರುಗಿತು. ವೇಗ ನೋಡಲು ತಟ್ಟೆಯಡಿ ಕಾಗದದ ಚೂರೊಂದನ್ನು ಸಿಕ್ಕಿಸಿ, ಒಂದು ನಿಮಿಷಕ್ಕೆ ಎಷ್ಟು ಸುತ್ತು ಎಂದು ಹುಡುಗಿ ಎಣಿಸಿದಳು. 71 ಬಂದಿತು. ವೇಗದ ತಿರುಪನ್ನು ಸರಿಸಿ ಮತ್ತೆ ಎಣಿಸಿದಾಗ 78. ಮೂರು ನಿಮಿಷದ ಹಾಡಿಗೆ 234 ಸುತ್ತು ಎಂದು ಗುಣಿಸಿಯೂ ಬಿಟ್ಟಳು. ಮನೆಯಲ್ಲಿ ಇಂಥ ಪೆಟ್ಟಿಗೆಯಿರುವ ಮಕ್ಕಳು ಇಷ್ಟನ್ನು ಮಾಡಿ ನೋಡಬಹುದು. ಪ್ಲಾಸ್ಟಿಕ್ಕಿನ ಎಲ್‌ಪಿ ತಟ್ಟೆಯನ್ನು ಮಾತ್ರ ಇದರ ಮೇಲೆ ಇಡಬಾರದು, ಭಾರವಾದ ಉಕ್ಕಿನ ಸೂಜಿ ಅದನ್ನು ಉತ್ತುಬಿಡುತ್ತದೆ. ಅರಗಿನ ತಟ್ಟೆಗೂ ಪ್ರತಿಯೊಂದು ಮಗ್ಗುಲಿಗೆ ಹೊಸ ಸೂಜಿ ಬೇಕು.

ಅವರ ಮನೆಯಲ್ಲಿ ಉಳಿದಿದ್ದ ತಟ್ಟೆಗಳು ಆರು, ಎರಡು ಒಡೆದಿದ್ದವು. ನಾಲ್ಕರಲ್ಲಿ ಮೂರು ಮರಾಠಿ ನಾಟ್ಯಸಂಗೀತ, ಒಂದು ಕನ್ನಡ. ನಮ್ಮ ಊರುಗಳ ಮನೆಗಳಲ್ಲಿ ಎರಡು ಭಾಷೆಗಳೂ ಒಂದೇ ಪೆಟ್ಟಿಗೆಯಲ್ಲಿ ನುಡಿದವು ಎಂಬುದಕ್ಕೆ ಇದಕ್ಕಿಂತ ಬೇರೆ ದಾಖಲೆ ನಾನು ಹುಡುಕುವುದಿಲ್ಲ. ತಟ್ಟೆಯ ನಡುವಿನ ಚೀಟಿಯನ್ನೂ ಓದಿ ಬರೆದಿಡಬೇಕು; ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳು ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ಬಂದಿದ್ದವು, ಗೊತ್ತಿಲ್ಲದವರು ಅಂಥದನ್ನು ರದ್ದಿಗೆ ಹಾಕಿಯಾರು.

ಮಾರಬೇಡವೆಂದು ನಾನು ಹೇಳಲಿಲ್ಲ. ಮಗಳ ಓದಿನ ಮುಂದೆ ಹಾಗೆ ಹೇಳುವ ಅಧಿಕಾರ ನನಗಿಲ್ಲ. ಮಾರುವುದಾದರೆ ಇಡಿಯಾಗಿ ಮಾರು, ಇದು ಏನೆಂದು ತಿಳಿದು ಮಾರು, ತಲೆ ಬದಲಾಗಿದೆ ಎಂಬುದನ್ನು ಕೊಳ್ಳುವವನಿಗೆ ಮುಚ್ಚಿಡದೆ ಹೇಳು ಎಂದೆ. ಬಿಚ್ಚಿದ ಯಂತ್ರಕ್ಕಿಂತ ಕೂಡಿದ ಪೆಟ್ಟಿಗೆಗೆ ಬೆಲೆ ಹೆಚ್ಚು ಎಂಬ ಲೆಕ್ಕವನ್ನೂ ತಿಳಿಸಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, ನಾನು ಹೇಳಿದ್ದನ್ನೆಲ್ಲ ಒಂದು ಕಾಗದದ ಮೇಲೆ ಬರೆದುಕೊಡಬೇಕೆಂದು ಕೇಳಿದ. ಬರೆದವಳು ಮಗಳು: ಮಾದರಿ 102, ತಲೆ 4, ಮೂಲದ್ದಲ್ಲ, ವೇಗ 78, ತಟ್ಟೆ ನಾಲ್ಕು. ಆ ಚೀಟಿಯನ್ನು ಮಡಿಚಿ ಮುಚ್ಚಳದೊಳಗೆ ಇಟ್ಟರು. ಯಂತ್ರ ಕೇಳಿದವನಿಗೆ ಇಲ್ಲವೆಂದು ಫೋನು ಮಾಡಿದ್ದಾಗಿ ಮರುದಿನ ತಿಳಿಯಿತು. ಇಡೀ ಪೆಟ್ಟಿಗೆ ಕೊಳ್ಳುವವರು ಈವರೆಗೆ ಬಂದಿಲ್ಲ, ಬಂದರೆ ಏನು ಮಾಡುವನೆಂದು ಅವನೂ ಹೇಳಿಲ್ಲ. ಸದ್ಯಕ್ಕೆ ಸರಿಯಾದ 5ಎ ತಲೆಯೊಂದಕ್ಕಾಗಿ ಹುಡುಕುತ್ತಿದ್ದೇನೆ.