ಚೆನ್ನಾಗಿದೆ ಎಂದವರು ಯಾಕೆ ಬಳಸಲಿಲ್ಲ?



ನಿಮ್ಮಲ್ಲಿ ಬಹುಮಂದಿ ಐರೋಲಿ, ಪವಾಯಿ, ಅಂಧೇರಿಗಳ ಗಾಜಿನ ಕಟ್ಟಡಗಳಲ್ಲಿ ಕುಳಿತು, ಕಣ್ಣಲ್ಲಿ ಕಂಡಿರದ ಯಾವಯಾವುದೋ ಊರಿನ ಜನರಿಗೆ ಆ್ಯಪ್‌ಗಳನ್ನು ತಯಾರಿಸುವವರು. ನಾನೋ ಧಾರವಾಡದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ಬಿ.ಎ. ಮುಗಿಸಿ, ಮದುವೆಯಾಗಿ ಡೊಂಬಿವಲಿಗೆ ಬಂದು, ಮೂವತ್ತು ವರ್ಷಗಳಿಂದ ಲೋಕಲ್ ರೈಲಿನ ಸದ್ದಿಗೆ ಕುಕ್ಕರಿನ ಸೀಟಿ ಎಣಿಸುತ್ತಿರುವ ಗೃಹಿಣಿ. ಸಾಫ್ಟ್‌ವೇರಿನ ವಿಷಯದಲ್ಲಿ ಇವರೇನು ಹೇಳಿಯಾರು ಎಂದು ನೀವು ನಕ್ಕರೆ ನನಗೆ ಬೇಸರವಿಲ್ಲ. ಆದರೆ ಮಾಡುವವರು ನೀವಾದರೂ ಉಣ್ಣುವವರು ನಾವು ತಾನೇ? ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೇಳಲು ಅಡುಗೆ ಕಲಿತಿರಬೇಕಾಗಿಲ್ಲ.

ವಿಷಯಕ್ಕೆ ಬರುತ್ತೇನೆ. ಕಳೆದ ವರ್ಷ ನಮ್ಮ ಸಂಘದ ಯುವ ವಿಭಾಗದವರು ತಿಂಗಳುಗಟ್ಟಲೆ ನಿದ್ದೆಗೆಟ್ಟು ಒಂದು ಆ್ಯಪ್ ಮಾಡಿದರು. ನಾಟಕ, ಸಂಗೀತ, ರಾಜ್ಯೋತ್ಸವದ ಟಿಕೇಟು, ಸದಸ್ಯತ್ವದ ವಂತಿಗೆ, ಎಲ್ಲವೂ ಅದರಲ್ಲೇ. ಎರಡು ತಿಂಗಳ ಮೇಲೆ ಎಲ್ಲರಿಗೂ ಅಭಿಪ್ರಾಯದ ಫಾರಂ ಕಳಿಸಿದರು. ಒಂದರಿಂದ ಐದು ನಕ್ಷತ್ರ. ಬಂದ ಉತ್ತರಗಳಲ್ಲಿ ಬಹುಪಾಲು ಐದೇ ನಕ್ಷತ್ರ, ಜೊತೆಗೆ ‘ಬಹಳ ಚೆನ್ನಾಗಿದೆ’, ‘ಮಕ್ಕಳಿಗೆ ಅಭಿನಂದನೆ’. ಕಾರ್ಯದರ್ಶಿಗಳು ಸಭೆಯಲ್ಲಿ ಓದಿ ಹೇಳಿದರು, ಚಪ್ಪಾಳೆ ಬಿತ್ತು. ಆದರೆ ನವೆಂಬರಿನ ಕಾರ್ಯಕ್ರಮದ ದಿನ ಸಭಾಗೃಹದ ಬಾಗಿಲ ಬಳಿ ನಗದು ಹಿಡಿದವರ ಸಾಲು ಎಂದಿನಷ್ಟೇ ಉದ್ದವಿತ್ತು. ಚೆನ್ನಾಗಿದೆ ಎಂದು ಬರೆದವರೂ ಅದೇ ಸಾಲಿನಲ್ಲಿ ನಿಂತಿದ್ದರು!

ಇದರಲ್ಲಿ ಆಶ್ಚರ್ಯವೇನಿದೆ ಹೇಳಿ. ಹೋದವರ ಮನೆಯಲ್ಲಿ ಉಪ್ಪಿಟ್ಟು ಮುದ್ದೆಯಾಗಿದ್ದರೂ ‘ಚೆನ್ನಾಗಿದೆ’ ಎನ್ನುವ ಜನ ನಾವು. ಅದರಲ್ಲೂ ನಮ್ಮ ಕಣ್ಣೆದುರೇ ಛದ್ಮವೇಷ ಹಾಕಿ ಬೆಳೆದ ಮಕ್ಕಳು ಮಾಡಿದ್ದಕ್ಕೆ ಎರಡು ನಕ್ಷತ್ರ ಕೊಡಲು ಯಾರಿಗೆ ಮನಸ್ಸು ಬಂದೀತು? ಇನ್ನೊಂದು ಮಾತು. ಫಾರಂ ತುಂಬಿದವರು ಯಾರು? ಫಾರಂ ತೆರೆಯಲು ಬಂದವರು. ಬಾರದವರ ಅಭಿಪ್ರಾಯ ಎಲ್ಲಿಂದ ಬರಬೇಕು?

ಎರಡನೇ ಮಹಾಯುದ್ಧದ ಕಾಲದ ಒಂದು ಸಂಗತಿಯನ್ನು ನಿಮ್ಮಲ್ಲಿ ಕೆಲವರು ಕಾಲೇಜಿನಲ್ಲಿ ಓದಿರಬಹುದು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞರ ತಂಡದಲ್ಲಿ ಅಬ್ರಹಾಂ ವಾಲ್ಡ್ ಎಂಬವರಿದ್ದರು. ಗುಂಡೇಟು ತಿಂದು ಮರಳಿದ ಯುದ್ಧವಿಮಾನಗಳ ತೂತುಗಳಿಂದ, ವಿಮಾನದ ಯಾವ ಭಾಗ ಹೆಚ್ಚು ಸೂಕ್ಷ್ಮವೆಂದು ಲೆಕ್ಕ ಹಾಕುವುದು ಅವರ ಕೆಲಸ. ತೂತು ಹೆಚ್ಚಿದ್ದ ಕಡೆ ರಕ್ಷಣೆ ಹೆಚ್ಚಿಸಬೇಕೆಂದು ಯಾರಿಗಾದರೂ ತೋರುತ್ತದೆ. ಆದರೆ ಆ ತೂತುಗಳಿದ್ದೂ ವಿಮಾನ ಮರಳಿ ಬಂದಿದೆ. ಎಂಜಿನ್ನಿಗೆ ಗುಂಡು ಬಿದ್ದವು ಮರಳಿಯೇ ಬರಲಿಲ್ಲ, ಲೆಕ್ಕಕ್ಕೆ ಸಿಗಲಿಲ್ಲ. ನಮ್ಮ ಸಂಘದ ಫಾರಂಗಳೂ ಮರಳಿ ಬಂದ ವಿಮಾನಗಳೇ.

ಮರಳದವರಲ್ಲಿ ಒಬ್ಬರನ್ನು ನಾನು ಬಲ್ಲೆ. ಹೆಸರು ಬೇಡ. ಎಪ್ಪತ್ತು ದಾಟಿದವರು, ಮಗ ಹೊರದೇಶದಲ್ಲಿ, ಮನೆಯಲ್ಲಿ ಒಬ್ಬರೇ. ವರ್ಷಕ್ಕೆ ನಾಲ್ಕೈದು ಸಲ ಸಂಘಕ್ಕೆ ಬಂದು, ಮೂರನೇ ಸಾಲಿನಲ್ಲಿ ಕುಳಿತು, ಊಟ ಮುಗಿಸಿ, ಬಾಯ್ತುಂಬ ಕನ್ನಡ ಮಾತಾಡಿ ಹೋಗುತ್ತಿದ್ದರು. ಟಿಕೇಟು ಮೊಬೈಲಿಗೆ ಬಂದ ಮೇಲೆ ಅವರು ಕಾಣಲಿಲ್ಲ. ಕೇಳಿದರೆ, ‘ಮೊಣಕಾಲು ನೋವು ಕಣಮ್ಮ’ ಎಂದರು. ಮೊಣಕಾಲು ಮೊದಲೂ ನೋಯುತ್ತಿತ್ತು. ನಿಮ್ಮ ಕಂಪ್ಯೂಟರಿನ ಪಟ್ಟಿಯಲ್ಲಿ ಇಂಥ ದೂರು ಎಲ್ಲೂ ದಾಖಲಾಗುವುದಿಲ್ಲ.

ಇದನ್ನು ಯುವ ವಿಭಾಗದವರಿಗೆ ಹೇಳಿ, ಒಂದು ಶನಿವಾರ ನಮ್ಮ ಮನೆಯ ಭಜನೆಗೆ ಇಬ್ಬರನ್ನು ಕರೆದೆ. ಭಜನೆ ಮುಗಿದ ಮೇಲೆ ಐವರು ಹಿರಿಯರು ಅವರವರ ಮೊಬೈಲಿನಲ್ಲೇ ನಾಟಕದ ಟಿಕೇಟು ಪಡೆಯಬೇಕು. ಹುಡುಗರು ಪಕ್ಕದಲ್ಲಿ ಕುಳಿತು ನೋಡಬೇಕು. ಷರತ್ತು ಇಷ್ಟೇ: ಬಾಯಿ ಬಿಡಬಾರದು, ಮೊಬೈಲು ಮುಟ್ಟಬಾರದು. ಅವರ ಚಡಪಡಿಕೆ ನೋಡಬೇಕಿತ್ತು. ಒಬ್ಬನಂತೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತ.

ಮೊದಲ ಪರದೆಯಲ್ಲೇ ಇಬ್ಬರು ನಿಂತರು. ನಾಟಕ ಯಾವತ್ತು ಎಂದು ತಿಳಿಯುವ ಮೊದಲೇ ಖಾತೆ ತೆರೆಯಿರಿ, ಪಾಸ್‌ವರ್ಡ್ ಹಾಕಿರಿ ಎಂಬ ಅಪ್ಪಣೆ. ಅಮೆರಿಕದ ಜಾರೆಡ್ ಸ್ಪೂಲ್ ಎಂಬ ತಜ್ಞರು 2009ರಲ್ಲಿ ಒಂದು ದೊಡ್ಡ ಅಂಗಡಿಯ ಕತೆ ಬರೆದಿದ್ದಾರೆ. ಸಾಮಾನು ಆರಿಸಿಕೊಂಡವರಿಗೆ ಹಣ ಕೊಡುವ ಮುಂಚೆ ‘ನೋಂದಾಯಿಸಿ’ ಎಂಬ ಗುಂಡಿ ಎದುರಾಗುತ್ತಿತ್ತಂತೆ. ಜನರನ್ನು ಕೂರಿಸಿ ನೋಡಿದಾಗ ತಿಳಿಯಿತು, ಹೊಸಬರು ಅದನ್ನು ಕಂಡೇ ರೇಗುತ್ತಾರೆ, ಹಳಬರಿಗೆ ಪಾಸ್‌ವರ್ಡ್ ನೆನಪಿಲ್ಲ. ಗುಂಡಿಯ ಮೇಲೆ ‘ಮುಂದುವರಿಯಿರಿ’ ಎಂದು ಬದಲಿಸಿ, ಖಾತೆ ಕಡ್ಡಾಯವಲ್ಲ ಎಂದು ಬರೆದರು. ಖರೀದಿ ಮುಗಿಸಿದವರು ಶೇಕಡಾ 45ರಷ್ಟು ಹೆಚ್ಚಿದರು. ಮೊದಲ ವರ್ಷದಲ್ಲೇ 30 ಕೋಟಿ ಡಾಲರ್ ಹೆಚ್ಚುವರಿ ವ್ಯಾಪಾರ. ನಮ್ಮ ಸಂಘಕ್ಕೆ ಡಾಲರ್ ಬೇಡ, ಮೂರನೇ ಸಾಲು ತುಂಬಿದರೆ ಸಾಕು.

ಆಮೇಲೆ ಬಂತು ಹೆಸರಿನ ಪ್ರಕರಣ. ನನಗೇನೋ ಧಾರವಾಡದ ಕಡೆಯ ಅಡ್ಡಹೆಸರಿದೆ, ತೊಂದರೆಯಿಲ್ಲ. ಮೈಸೂರಿನ ಕಡೆಯ ಒಬ್ಬರಿಗೆ ಊರಿನದೊಂದು ಇನಿಷಿಯಲ್, ತಂದೆಯದೊಂದು ಇನಿಷಿಯಲ್, ಆಮೇಲೆ ತಮ್ಮ ಹೆಸರು, ಇಷ್ಟೇ. ಆ್ಯಪ್ ‘ಉಪನಾಮ ಕಡ್ಡಾಯ’ ಎಂದಿತು. ಇನಿಷಿಯಲ್ ಹಾಕಿದರೆ ‘ಕನಿಷ್ಠ ಎರಡು ಅಕ್ಷರ ಬೇಕು’ ಎಂದಿತು. ಚುಕ್ಕಿ ಹಾಕಿದರೆ ‘ಅಮಾನ್ಯ’ ಎಂದಿತು. ಮುಂಬಯಿಗೆ ಬಂದಾಗಿನಿಂದ ರೇಷನ್ ಕಚೇರಿ, ಮಕ್ಕಳ ಶಾಲೆ, ಎಲ್ಲೆಡೆ ‘ಸರ್‌ನೇಮ್ ಕ್ಯಾ ಹೈ?’ ಎಂದು ಕೇಳಿಸಿಕೊಂಡು ಬೇಸತ್ತ ಜೀವ ಅದು. ಕನ್ನಡ ಸಂಘದ ಆ್ಯಪ್ ಕೂಡ ಅದನ್ನೇ ಕೇಳಬೇಕೇ? ಅಂತರ್ಜಾಲದ ನಿಯಮಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸೋರ್ಷಿಯಂ ಈ ಬಗ್ಗೆ ಸಲಹೆಯನ್ನೇ ಪ್ರಕಟಿಸಿದೆ: ಸಾಧ್ಯವಿದ್ದಲ್ಲಿ ಪೂರ್ಣ ಹೆಸರಿಗೆ ಒಂದೇ ಖಾನೆ ಇಡಿ ಎಂದು. ಇದನ್ನು ಆ ಹುಡುಗರು ಬಲ್ಲರು. ಆದರೂ ಎಲ್ಲಿಂದಲೋ ಎತ್ತಿದ ಸಿದ್ಧ ಫಾರಂ ಹಾಗೆಯೇ ಬಂದುಬಿಟ್ಟಿತ್ತು.

ಗಮನಿಸಬೇಕಾದದ್ದು ಆಕೆ ಏನೆಂದರು ಎಂಬುದು. ‘ಆ್ಯಪ್ ಸರಿಯಿಲ್ಲ’ ಎನ್ನಲಿಲ್ಲ. ‘ನನಗೇ ಇದೆಲ್ಲ ತಿಳಿಯೋದಿಲ್ಲಪ್ಪ’ ಎಂದರು. ಡೊನಾಲ್ಡ್ ನಾರ್ಮನ್ ಎಂಬ ಮನಶ್ಶಾಸ್ತ್ರಜ್ಞರು 1988ರಲ್ಲೇ, ದಿನಬಳಕೆಯ ವಸ್ತುಗಳ ಕುರಿತ ತಮ್ಮ ಪುಸ್ತಕದಲ್ಲಿ, ವಸ್ತುವಿನ ದೋಷವನ್ನು ಬಳಸುವವರು ತಮ್ಮ ದಡ್ಡತನವೆಂದು ತಲೆಯ ಮೇಲೆ ಹಾಕಿಕೊಳ್ಳುವ ಬಗ್ಗೆ ಬರೆದಿದ್ದಾರೆ. ನಮ್ಮ ತಲೆಮಾರಿನ ಹೆಂಗಸರಿಗಂತೂ ಅದು ಕರತಲಾಮಲಕ.

ಇನ್ನೊಬ್ಬರು ಎರಡರ ಬದಲು ಮೂರು ಟಿಕೇಟು ಒತ್ತಿ, ಬಿಡಲು ಹೋದರು. ‘ಟಿಕೇಟು ರದ್ದುಗೊಳಿಸಬೇಕೇ?’ ಎಂಬ ಪ್ರಶ್ನೆ. ಕೆಳಗೆ ಎರಡು ಗುಂಡಿ, ‘ದೃಢೀಕರಿಸಿ’ ಮತ್ತು ‘ರದ್ದು’. ಈಗ ರದ್ದಾಗಲು ಯಾವುದನ್ನು ಒತ್ತಬೇಕು? ಅವರು ಸಹಜವಾಗಿ ‘ರದ್ದು’ ಒತ್ತಿದರು, ಟಿಕೇಟು ಹಾಗೆಯೇ ಉಳಿಯಿತು. ಇಂಗ್ಲಿಷಿನ ‘ಕ್ಯಾನ್ಸಲ್’ ಗುಂಡಿಯೂ ಇದೇ ಗೊಂದಲ ಮಾಡುತ್ತದೆ, ಅನುವಾದದಲ್ಲಿ ಅದು ಇನ್ನಷ್ಟು ಬೆಳೆಯಿತು. ಆಗ ತೊಡೆಯ ಕೆಳಗೆ ಕೈಯಿಟ್ಟಿದ್ದ ಹುಡುಗ ಮೆಲ್ಲಗೆ, ‘ಆಂಟಿ, ನನಗೂ ದೃಢೀಕರಿಸಿ ಅಂದ್ರೆ ಏನಂತ ಗೊತ್ತಿರ್ಲಿಲ್ಲ, ಅದಕ್ಕೇ ನಾನು ಆ್ಯಪನ್ನ ಇಂಗ್ಲಿಷಿನಲ್ಲೇ ಇಟ್ಕೊಂಡಿದ್ದೀನಿ’ ಎಂದ. ಮನೆಯಲ್ಲಿ ಸೊಗಸಾಗಿ ಕನ್ನಡ ಮಾತಾಡುವ, ಓದುವಾಗ ಮಾತ್ರ ಅಕ್ಷರ ಕೂಡಿಸುವ ಹುಡುಗ. ನಿಮ್ಮಲ್ಲಿ ಹಲವರು ಹಾಗೆಯೇ ಅಲ್ಲವೇ? ನನಗಂತೂ ಆ ದಿನದ ದೊಡ್ಡ ಲಾಭ ಆ ಮಾತೇ. ಎಪ್ಪತ್ತರ ಅಜ್ಜಿಗೂ ಇಪ್ಪತ್ತೈದರ ಹುಡುಗನಿಗೂ ಬೇಕಾಗಿದ್ದದ್ದು ಒಂದೇ ಕನ್ನಡ. ಈಗ ಅಲ್ಲಿ ‘ಟಿಕೇಟು ಬೇಡ’, ‘ಟಿಕೇಟು ಇರಲಿ’ ಎಂದಿದೆ. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಕನ್ನಡ ಲಿಪಿಗೆ ಬೆಂಬಲ ಬಂದದ್ದೇ 2012ರ 4.1 ಆವೃತ್ತಿಯೊಂದಿಗೆ. ಅಕ್ಷರ ಬಂತು, ಅಲ್ಲಿ ಆಡುವ ಕನ್ನಡವನ್ನು ಕೂರಿಸುವ ಕೆಲಸ ನಿಮ್ಮ ಪಾಲಿಗೆ ಉಳಿದಿದೆ.

ಐವರು ಸಾಕೇ ಎಂದು ಖಜಾಂಚಿಗಳು ಕೇಳಿದರು. 2000ದಲ್ಲಿ ಜೇಕಬ್ ನೀಲ್ಸನ್ ಎಂಬ ತಜ್ಞರು, ಐವರನ್ನು ನೋಡಿದರೆ ಸುಮಾರು ಶೇಕಡಾ 85ರಷ್ಟು ತೊಡಕುಗಳು ಸಿಗುತ್ತವೆ, ಒಮ್ಮೆಗೇ ಹದಿನೈದು ಜನರನ್ನು ಕೂರಿಸುವ ಬದಲು ಐವರನ್ನು ನೋಡಿ, ತಿದ್ದಿ, ಮತ್ತೆ ಐವರನ್ನು ನೋಡಿ ಎಂದು ಬರೆದರು. ಬೇರೆ ಬೇರೆ ಬಗೆಯ ಜನರಿದ್ದರೆ ಒಂದೊಂದು ಬಗೆಯವರನ್ನೂ ನೋಡಬೇಕೆಂದೂ ಅವರೇ ಹೇಳಿದ್ದಾರೆ. ಭಜನೆಯ ಐವರಿಂದ ನಿಮ್ಮ ತೊಂದರೆ ತಿಳಿಯುವುದಿಲ್ಲ.

ಹಾಗೆಂದು ಕೇಳಿದ್ದನ್ನೆಲ್ಲ ಮಾಡಿಬಿಡಬೇಡಿ. ಒಬ್ಬರು ಆ್ಯಪಿನಲ್ಲಿ ಪಂಚಾಂಗ ಬೇಕೆಂದರು, ಅವರ ಯಜಮಾನರು ವರ ಕನ್ಯೆ ವಿಭಾಗ ಎಂದರು. ನಗುತ್ತಾ ಬರೆದಿಟ್ಟುಕೊಂಡರಾಯಿತು. ‘ಟಿಕೇಟಿನ ಕಾಗದ ಬೇಕು’ ಎಂದವರನ್ನು ಮಾತ್ರ ಹುಡುಗರು ಏಕೆ ಎಂದು ಕೇಳಿದರು. ಸಭಾಗೃಹದೊಳಗೆ ನೆಟ್‌ವರ್ಕ್ ಸಿಗದೆ, ಬಾಗಿಲಲ್ಲಿ ಪರದೆ ಬೆಳ್ಳಗೆ ಉಳಿದು ಅವರಿಗೆ ಅವಮಾನವಾಗಿತ್ತು. ಕಾಗದ ಅವರೇ ಯೋಚಿಸಿಕೊಂಡಿದ್ದ ಪರಿಹಾರ. ಈಗ ಟಿಕೇಟು ನೆಟ್‌ವರ್ಕ್ ಇಲ್ಲದೆಯೂ ತೆರೆಯುತ್ತದೆ, ಅವರು ಕಾಗದದ ಮಾತೆತ್ತಿಲ್ಲ.

ಮೊಣಕಾಲು ನೋವಿನವರ ಮನೆಗೆ ಆ ಇಬ್ಬರೂ ಹೋಗಿ ಬಂದರು. ಚಹಾ ಕುಡಿದು, ಅವರು ಒತ್ತುವುದನ್ನು ನೋಡಿದರು. ಒಟಿಪಿಯ ಸಂದೇಶ ಓದಲು ಕನ್ನಡಕ ಹುಡುಕುವಷ್ಟರಲ್ಲಿ ಅವಧಿ ಮುಗಿಯುತ್ತಿತ್ತು. ಮೂವತ್ತು ಸೆಕೆಂಡಿದ್ದದ್ದು ಈಗ ಐದು ನಿಮಿಷವಾಗಿದೆ. ಕಳೆದ ತಿಂಗಳ ಸಂಗೀತಕ್ಕೆ ಬಂದಿದ್ದರು. ಟಿಕೇಟು ಪಕ್ಕದ ಮನೆಯ ಹುಡುಗಿ ತೆಗೆದುಕೊಟ್ಟದ್ದಂತೆ, ಆದ್ದರಿಂದ ಆ ಕೆಲಸ ಇನ್ನೂ ಮುಗಿದಿಲ್ಲ.

ಮುಂದಿನ ಸುತ್ತು ಬರುವ ತಿಂಗಳ ಎರಡನೇ ಶನಿವಾರ ಸಂಜೆ ಐದಕ್ಕೆ, ಸಂಘದ ಗ್ರಂಥಾಲಯದಲ್ಲಿ. ಈ ಸಲ ನಿಮ್ಮ ಪೈಕಿ ಐವರು ಬೇಕು, ಕನ್ನಡ ನಿಧಾನವಾಗಿ ಓದುವವರಾದರೆ ಇನ್ನೂ ಒಳ್ಳೆಯದು. ಮೊಬೈಲು ಚಾರ್ಜ್ ಮಾಡಿಕೊಂಡು ಬನ್ನಿ. ನಕ್ಷತ್ರ ಕೊಡಬೇಕಾಗಿಲ್ಲ. ಚುರುಮುರಿ ನನ್ನ ಕಡೆಯಿಂದ. ಅದಕ್ಕೆ ಖಾರ ಹೆಚ್ಚಾದರೆ ಅಲ್ಲೇ ಹೇಳಿಬಿಡಿ.