ಮುಟ್ಟು ನಿಂತಿತು, ನೋವು ನಿಲ್ಲಲಿಲ್ಲ

ನನಗಾಗ 42 ವರ್ಷ. ತಿಂಗಳಿಗೆ ಹತ್ತು ದಿನ ರಕ್ತಸ್ರಾವ, ಗಂಟೆಗೊಂದು ಪ್ಯಾಡ್. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲು ಭಯ. ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಮಾತ್ರೆಯಿಂದ ಗುಣ ಕಾಣಲಿಲ್ಲ. "ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡು" ಅಂದರು ಅತ್ತೆ. ನನಗೆ ದೊಡ್ಡ ಆಪರೇಷನ್ ಬೇಡವಾಗಿತ್ತು.

ಆಗ ಡಾಕ್ಟರು ಅಬ್ಲೇಷನ್ ಬಗ್ಗೆ ಹೇಳಿದರು. ಹೊಟ್ಟೆ ಕೊಯ್ಯದೆ, ಗರ್ಭಕೋಶದ ಒಳಪದರವನ್ನು ಬಿಸಿಯಿಂದ ಸುಡುವುದು. ಪದರದ ಚೂರನ್ನು ಪರೀಕ್ಷೆಗೆ ಕಳಿಸಿ, ಕ್ಯಾನ್ಸರ್ ಇಲ್ಲವೆಂದು ತಿಳಿದ ಮೇಲೆ ಮಾಡಿದರು. ಅಂದೇ ಸಂಜೆ ಮನೆಗೆ ಬಂದೆ. ಕೆಲವು ವಾರ ನೀರು ನೀರಾಗಿ ಸ್ರಾವವಾಯಿತು. ಆಮೇಲೆ ಮುಟ್ಟೇ ಇಲ್ಲ! ಎಷ್ಟೋ ವರ್ಷದ ಮೇಲೆ ಬಿಳಿ ಚೂಡಿದಾರ್ ಹಾಕಿದೆ.

ಎಂಟು ತಿಂಗಳಾದ ಮೇಲೆ ಕೆಳಹೊಟ್ಟೆಯ ಬಲಭಾಗದಲ್ಲಿ ಹಿಂಡಿದ ಹಾಗೆ ನೋವು ಬಂತು. ಮೂರು ದಿನ ಇದ್ದು ಹೋಯಿತು. ಗ್ಯಾಸ್ ಇರಬೇಕೆಂದು ಓಂಕಾಳಿನ ನೀರು ಕುಡಿದೆ. ಮುಂದಿನ ತಿಂಗಳೂ ಬಂತು. "ಮುಟ್ಟೇ ಇಲ್ಲದವಳಿಗೆ ಮುಟ್ಟಿನ ನೋವಾ?" ಎಂದು ಮನೆಯವರು ನಕ್ಕರು. ನಾನೂ ನಕ್ಕೆ. ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬಂದವಳು ಮಗಳು. "ಅಮ್ಮಾ, 28 ದಿನಕ್ಕೊಂದ್ಸಲ ಬರ್ತಿದೆ ನೋಡು."

ಆ ಕ್ಯಾಲೆಂಡರ್ ಹಿಡಿದು ಬೇರೆ ಡಾಕ್ಟರ ಬಳಿ ಹೋದೆ. ಅವರ ಮೊದಲ ಪ್ರಶ್ನೆ: "ಸಂತಾನಹರಣ ಆಪರೇಷನ್ ಆಗಿದೆಯಾ?" ಎರಡನೇ ಹೆರಿಗೆಯಾದಾಗಲೇ ಆಗಿತ್ತು. ಅಬ್ಲೇಷನ್ ಮಾಡುವಾಗ ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನೋವಿರುವ ದಿನವೇ ಸ್ಕ್ಯಾನ್ ಮಾಡಿಸಿದರು. ಗರ್ಭಕೋಶದ ಮೂಲೆಯಲ್ಲಿ ಸುಡದೆ ಉಳಿದ ಪದರ ತಿಂಗಳು ತಿಂಗಳೂ ರಕ್ತ ಸುರಿಸುತ್ತಿತ್ತಂತೆ. ಕೆಳಗಿನ ದಾರಿ ಗಾಯ ಮಾಯುವಾಗ ಅಂಟಿಕೊಂಡಿತ್ತು. ಮೇಲೆ ನಾಳ ಕಟ್ಟಿಸಿಯಾಗಿತ್ತು. ನಡುವೆ ಸಿಕ್ಕಿಕೊಂಡ ರಕ್ತ ಮೂಲೆಯನ್ನೂ ನಾಳವನ್ನೂ ಉಬ್ಬಿಸಿತ್ತು.

ಕೊನೆಗೆ ಗರ್ಭಕೋಶ, ನಾಳ ಎರಡನ್ನೂ ತೆಗೆಸಬೇಕಾಯಿತು. ಅಂಡಾಶಯ ಉಳಿಸಿದರು. "ಅವತ್ತೇ ನನ್ನ ಮಾತು ಕೇಳಿದ್ದಿದ್ರೆ..." ಅಂದರು ಅತ್ತೆ. ಹಾಗೂ ಹೇಳಲಾರೆ. ನನ್ನ ಓರಗಿತ್ತಿಗೆ ಇದೇ ಅಬ್ಲೇಷನ್ ಆಗಿ ಐದು ವರ್ಷವಾಯಿತು, ಆರಾಮವಾಗಿದ್ದಾಳೆ. ನನಗಿರುವ ಬೇಸರ ನೋವನ್ನು ನಕ್ಕು ಕಳೆದ ಆ ತಿಂಗಳುಗಳ ಬಗ್ಗೆ ಮಾತ್ರ.

ನೀವೂ ಮಾಡಿಸುವವರಿದ್ದರೆ, ನಾಳ ಕಟ್ಟಿಸಿದ್ದನ್ನು ಡಾಕ್ಟರು ಕೇಳದಿದ್ದರೂ ಹೇಳಿ. ಆಮೇಲೆ ಸ್ರಾವವಿಲ್ಲದೆ ತಿಂಗಳಿಗೊಮ್ಮೆ ನೋವು ಬಂದರೆ, ಓಂಕಾಳು ಕುಡಿದು ಸುಮ್ಮನಾಗಬೇಡಿ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ತೆಗೆದುಕೊಂಡು ಹೋಗಿ ತೋರಿಸಿ.