ನಾಂಪಲ್ಲಿಯ ಹೊನ್ನ ಹೊಸ್ತಿಲು

ಊರಿನಿಂದ ನೆಂಟರು ಬಂದರೆ ಹೈದರಾಬಾದಿನಲ್ಲಿ ತೋರಿಸಬೇಕಾದ ಸ್ಥಳಗಳ ಪಟ್ಟಿ ನಮ್ಮೆಲ್ಲರ ಮನೆಗಳಲ್ಲೂ ಒಂದೇ. ಚಾರ್ಮಿನಾರು, ಸಾಲಾರ್ ಜಂಗ್ ವಸ್ತುಸಂಗ್ರಹಾಲಯ, ಗೋಲ್ಕೊಂಡೆಯ ಕೋಟೆ. ಕಾಲಿನಲ್ಲಿ ಇನ್ನೂ ಶಕ್ತಿ ಉಳಿದಿದ್ದರೆ ಬಿರ್ಲಾ ಮಂದಿರ. ಹೆಂಗಸರಿಗೆ ಲಾಡ್ ಬಜಾರಿನ ಬಳೆಗಳು ಬೇರೆ. ಈ ಪಟ್ಟಿಗೆ ಸೇರದ ಒಂದು ಮನೆಯನ್ನು ನಾವು ನಾಲ್ಕಾರು ಸಂಸಾರದವರು ಕೂಡಿ ಈಚೆಗೆ ನೋಡಿಬಂದೆವು. ನಾಂಪಲ್ಲಿ ರೈಲು ನಿಲ್ದಾಣದ ರಸ್ತೆಯಲ್ಲಿರುವ ಆ ಮನೆಯ ಹೆಸರು ‘ಗೋಲ್ಡನ್ ಥ್ರೆಶೋಲ್ಡ್’. ಹೊನ್ನ ಹೊಸ್ತಿಲು ಎಂದು ನಾವು ಕನ್ನಡಿಸಿಕೊಂಡಿದ್ದೇವೆ. 1905ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಸರೋಜಿನಿ ನಾಯ್ಡು ಅವರ ಕವನಸಂಗ್ರಹದ ಹೆಸರೇ ಮನೆಗೂ ಬಂದಿದೆ.

ರಸ್ತೆಯ ಗದ್ದಲವನ್ನು ಏನೆಂದು ಹೇಳುವುದು! ಆಟೋಗಳ ನಡುವೆ ಮಕ್ಕಳ ಕೈ ಹಿಡಿದುಕೊಂಡು ದಾಟುವಷ್ಟರಲ್ಲಿ ಅರ್ಧ ಉತ್ಸಾಹ ಇಳಿದಿತ್ತು. ಮನೆಯೇನೂ ಅರಮನೆಯಲ್ಲ. ನಿಜಾಮರ ಕಾಲದ ವೈಭವವನ್ನು ನೆನೆದು ಹೋದವರಿಗೆ ಆಶಾಭಂಗವಾದೀತು. 1974ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯ ಮೊದಲು ಬಾಗಿಲು ತೆರೆದದ್ದು ಇಲ್ಲಿಯೇ. ಆಮೇಲೆ ಅದು ಗಚ್ಚಿಬೌಲಿಗೆ ಹೋಗಿ ದೊಡ್ಡದಾಯಿತು.

ನಮ್ಮ ಮನಸ್ಸು ಹಿಡಿದದ್ದು ಕಟ್ಟಡವಲ್ಲ, ಅಲ್ಲಿ ಬಾಳಿದ ಸಂಸಾರ. ಅವರೂ ನಮ್ಮ ಹಾಗೆಯೇ ಹೊಟ್ಟೆಪಾಡಿಗಾಗಿ ಪರಊರಿಗೆ ಬಂದವರು. ಬಂಗಾಳದ ಅಘೋರನಾಥ ಚಟ್ಟೋಪಾಧ್ಯಾಯರು ಎಡಿನ್‌ಬರೋದಲ್ಲಿ ವಿಜ್ಞಾನದ ಡಾಕ್ಟರೇಟ್ ಪಡೆದು ಇಲ್ಲಿಗೆ ಬಂದು, ಮುಂದೆ ನಿಜಾಂ ಕಾಲೇಜಾದ ವಿದ್ಯಾಸಂಸ್ಥೆಯನ್ನು ಕಟ್ಟಿದರು. ಜಾತಿಭೇದವನ್ನು ಒಪ್ಪದ ಬ್ರಾಹ್ಮಸಮಾಜದವರು. 1883ರಲ್ಲಿ ಚಾಂದಾ ರೈಲುದಾರಿಯ ಒಪ್ಪಂದವನ್ನು ಜನರ ಮುಂದಿಟ್ಟು ಚರ್ಚಿಸಬೇಕೆಂದು ಹಟ ಹಿಡಿದು, ಸಂಸ್ಥಾನದಿಂದಲೇ ಗಡೀಪಾರಾಗಿ, ಆಮೇಲೆ ಮರಳಿ ಬಂದವರು.

ಇವರಿಗೆ ಎಂಟು ಮಕ್ಕಳು, ಹಿರಿಯಳು ಸರೋಜಿನಿ. ಈ ಮಗು ಇಂಗ್ಲಿಷ್ ಮಾತಾಡಲು ಒಪ್ಪುತ್ತಿರಲಿಲ್ಲವಂತೆ. ಒಂಬತ್ತು ವರ್ಷದವಳಿದ್ದಾಗ ತಂದೆ ಒಂದಿಡೀ ದಿನ ಕೋಣೆಯಲ್ಲಿ ಕೂಡಿಹಾಕಿದರು. ಹೊರಗೆ ಬಂದವಳು ಅಂದಿನಿಂದ ತಂದೆತಾಯಿಯೊಡನೆ ಇಂಗ್ಲಿಷನ್ನಲ್ಲದೆ ಬೇರೆ ಮಾತಾಡಲಿಲ್ಲ. ತಾಯಿ ಮಾತ್ರ ಮಗಳೊಡನೆ ಹಿಂದೂಸ್ತಾನಿಯಲ್ಲೇ ಆಡುತ್ತಿದ್ದರು. ಇದನ್ನು ಕೇಳಿ ನಮ್ಮಲ್ಲಿ ಕೆಲವರು ಮುಖ ಮುಖ ನೋಡಿಕೊಂಡೆವು. ಅಪ್ಪ ಕನ್ನಡದಲ್ಲಿ ಕೇಳುವುದು, ಮಗ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು, ಅಜ್ಜಿ ನಡುವೆ ತೆಲುಗು ಬೆರೆಸುವುದು, ಇದು ನಮ್ಮ ಮನೆಗಳ ಊಟದ ಹೊತ್ತಿನ ನಿತ್ಯದ ಕಥೆಯಲ್ಲವೆ?

ಹನ್ನೆರಡನೆಯ ವಯಸ್ಸಿಗೇ ಸರೋಜಿನಿ ಮದರಾಸಿನ ಮೆಟ್ರಿಕ್ಯುಲೇಷನ್ ಪರೀಕ್ಷೆ ಮುಗಿಸಿದಾಗ ತಂದೆಗೆ ಹೆಮ್ಮೆ. ಆದರೆ ಕೆಲವು ವರ್ಷಗಳ ಮೇಲೆ ಆಕೆ ಡಾಕ್ಟರ್ ಗೋವಿಂದರಾಜುಲು ನಾಯ್ಡು ಅವರನ್ನು ಮೆಚ್ಚಿದಾಗ ಮನೆಯ ಗಾಳಿ ಬದಲಾಯಿತು. ಈಕೆ ಬ್ರಾಹ್ಮಣರ ಮಗಳು, ಅವರು ಬ್ರಾಹ್ಮಣರಲ್ಲ. ಎರಡೂ ಕಡೆಯವರಿಂದ ವಿರೋಧ ಬಂತು. 1895ರಲ್ಲಿ, ಆಕೆಗೆ ಇಷ್ಟವಿಲ್ಲದಿದ್ದರೂ, ನಿಜಾಮರ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿಗೆ ಕಳಿಸಿಬಿಟ್ಟರು. ಜಾತಿಯನ್ನು ಒಪ್ಪದ ತಂದೆ, ಸರಕಾರಕ್ಕೇ ಎದುರಾಗಿ ಗಡೀಪಾರಾದ ತಂದೆ, ತನ್ನ ಮಗಳ ಸರದಿ ಬಂದಾಗ ಹಡಗು ಹತ್ತಿಸಿದರು! ನಮಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಬಹಳ ಪರಿಚಿತರಂತೆ ಕಂಡರು. ವೇದಿಕೆಯ ಮೇಲೆ ಸುಧಾರಣೆಯ ಮಾತಾಡುವವರು ಸಂಬಂಧ ಹುಡುಕುವಾಗ ಮೊದಲು ಕೇಳುವುದು ಗೋತ್ರ. ಅದು ಹೊಂದಿದರೆ ಜಾತಕ. ಅದೂ ಹೊಂದಿದರೆ ಹುಡುಗನ ಕಡೆಯವರು ಹಳೆ ಮೈಸೂರಿನವರೋ ಕಲಬುರ್ಗಿಯ ಕಡೆಯವರೋ ಎಂಬ ಪ್ರಶ್ನೆ. ಊರು ಬಿಟ್ಟ ನಮ್ಮಂಥವರಲ್ಲಿ ಇದು ತುಸು ಹೆಚ್ಚೇ. ಊರಿನಲ್ಲಿ ಉಳಿದ ಅಣ್ಣತಮ್ಮಂದಿರು ಎಂದೋ ಕೈಬಿಟ್ಟ ಕಟ್ಟಳೆಯನ್ನು ನಾವು ಇಲ್ಲಿ ಉಪ್ಪಿನಕಾಯಿಯಂತೆ ಭರಣಿಯಲ್ಲಿಟ್ಟು ಕಾಪಾಡುತ್ತೇವೆ.

ಮೂರು ವರ್ಷ ಕಡಲಾಚೆ ಇದ್ದರೂ ಹುಡುಗಿ ಮರೆಯಲಿಲ್ಲ. 1898ರ ಸೆಪ್ಟೆಂಬರಿನಲ್ಲಿ ಮರಳಿದಳು, ಡಿಸೆಂಬರಿನಲ್ಲಿ ಮದುವೆ. ಮದರಾಸಿನಲ್ಲಿ ನಿಂತು ಅದನ್ನು ನಡೆಸಿಕೊಟ್ಟವರು ವಿಧವಾವಿವಾಹಗಳಿಗಾಗಿ ಹೆಸರಾದ ಕಂದುಕೂರಿ ವೀರೇಶಲಿಂಗಂ ಪಂತುಲು. ಆಗ ಇಂಥ ಮದುವೆಗೆ ಇದ್ದದ್ದು 1872ರ ಕಾನೂನು. ಅದರಂತೆ ಗಂಡುಹೆಣ್ಣು ಇಬ್ಬರೂ ತಾವು ಹಿಂದುವಲ್ಲ, ಮುಸಲ್ಮಾನರಲ್ಲ, ಕ್ರೈಸ್ತರಲ್ಲ ಎಂದು ಮುಂತಾಗಿ ಬರೆದುಕೊಡಬೇಕಾಗಿತ್ತು. ಮೆಚ್ಚಿದವರನ್ನು ಕೈಹಿಡಿಯಬೇಕಾದರೆ ತಾನು ಏನೇನಲ್ಲ ಎಂಬುದರ ಪಟ್ಟಿಗೆ ರುಜು ಹಾಕಬೇಕು! ಈಗಿರುವ 1954ರ ವಿಶೇಷ ವಿವಾಹ ಕಾಯಿದೆಯಲ್ಲಿ ಆ ಕಷ್ಟವಿಲ್ಲ.

ಇಂಗ್ಲೆಂಡಿನ ಆ ವಾಸದಿಂದ ಇನ್ನೊಂದು ಲಾಭವಾಯಿತು. ಆಕೆ ತನ್ನ ಕವಿತೆಗಳನ್ನು ವಿಮರ್ಶಕ ಎಡ್ಮಂಡ್ ಗಾಸ್ ಅವರಿಗೆ ತೋರಿಸಿದಾಗ, ಅವುಗಳ ತುಂಬ ಇಂಗ್ಲೆಂಡಿನ ಹಕ್ಕಿಗಳೇ ಇದ್ದವು. ಇವನ್ನು ಬಿಡು, ನಿನ್ನ ನಾಡಿನದನ್ನು ಬರೆ ಎಂದರು ಗಾಸ್. ಆಕೆ ಆ ಮಾತನ್ನು ಕೇಳಿದರು. ಹೈದರಾಬಾದಿನ ಬಜಾರು, ಪಲ್ಲಕ್ಕಿ ಹೊರುವವರು, ಬಳೆ ಮಾರುವವರು ಕವಿತೆಗೆ ಬಂದರು. ನಮ್ಮದೊಂದು ಸಣ್ಣ ತಕರಾರು ಇದ್ದೇ ಇದೆ: ಆ ಬಳೆಗಾರರಿಗೆ ತಿಳಿಯುವ ಭಾಷೆಯಲ್ಲಿ ಬರೆದಿದ್ದರೆ! ಅದಿರಲಿ.

ಈ ಮನೆತನಕ್ಕೆ ನಮ್ಮ ಕರಾವಳಿಯಿಂದ ಒಬ್ಬ ಸೊಸೆ ಹೋದದ್ದು ನಮ್ಮ ಗುಂಪಿನಲ್ಲಿ ಹಲವರಿಗೆ ಗೊತ್ತಿರಲಿಲ್ಲ. ಕಮಲಾದೇವಿ 1903ರಲ್ಲಿ ಮಂಗಳೂರಿನ ಸಾರಸ್ವತರ ಮನೆಯಲ್ಲಿ ಹುಟ್ಟಿದವರು. ಎಳೆಯ ವಯಸ್ಸಿಗೇ ಮದುವೆ, ಸ್ವಲ್ಪದರಲ್ಲೇ ವೈಧವ್ಯ. ಮದರಾಸಿನಲ್ಲಿ ಓದುತ್ತಿದ್ದಾಗ ಸರೋಜಿನಿಯವರ ತಮ್ಮ, ಕವಿ ಹರೀಂದ್ರನಾಥರ ಪರಿಚಯವಾಗಿ ಅವರನ್ನು ವರಿಸಿದರು. ವಿಧವೆ, ಅದರಲ್ಲೂ ಬೇರೆ ಭಾಷೆಯವನೊಡನೆ! ನೆಂಟರಿಷ್ಟರು ಆಡಿಕೊಳ್ಳದೆ ಬಿಟ್ಟಾರೆಯೇ? 1926ರಲ್ಲಿ ಮದರಾಸಿನ ಶಾಸನಸಭೆಗೆ ಚುನಾವಣೆಗೆ ನಿಂತು ಸ್ವಲ್ಪದರಲ್ಲಿ ಸೋತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರನ್ನೂ ಸೇರಿಸಿಕೊಳ್ಳಬೇಕೆಂದು ಗಾಂಧೀಜಿಯವರೊಡನೆಯೇ ವಾದಿಸಿದರು. ಮರ್ಯಾದಸ್ಥರ ಮನೆಯ ಹೆಣ್ಣು ಬಣ್ಣ ಹಚ್ಚಬಾರದೆನ್ನುವ ಕಾಲದಲ್ಲಿ ‘ವಸಂತಸೇನಾ’ ಮೂಕಚಿತ್ರದಲ್ಲಿ ನಟಿಸಿದರು. ಬಾಳು ಹೊಂದದಾದಾಗ ಮೆಚ್ಚಿ ವರಿಸಿದ ಗಂಡನಿಂದಲೂ ಕಾನೂನಿನಂತೆ ಬೇರೆಯಾದರು. ಪ್ರೇಮವಿವಾಹಕ್ಕೆ ಚಪ್ಪಾಳೆ ತಟ್ಟುವವರು ಕೂಡ ಇಲ್ಲಿ ಸುಮ್ಮನಾಗುತ್ತಾರೆ. ನಮ್ಮಲ್ಲೂ ಹಾಗೆಯೇ ಆಯಿತು. ಈಗ ನಾವು ಮನೆಗಳಲ್ಲಿ ಹೆಮ್ಮೆಯಿಂದಿಡುವ ಕೈಕಸಬಿನ ವಸ್ತುಗಳು ಉಳಿದದ್ದರಲ್ಲಿ 1988ರಲ್ಲಿ ತೀರಿಕೊಂಡ ಈ ಹೆಣ್ಣುಮಗಳ ಪಾಲು ದೊಡ್ಡದು.

ಆ ಮೌನವನ್ನು ಮುರಿದವರು ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ, ಉಡುಪಿಯ ಕಡೆಯ ಅಜ್ಜಿ. ಅವರ ಅಜ್ಜನ ತಂಗಿಯೂ ಹೆಚ್ಚುಕಡಿಮೆ ಕಮಲಾದೇವಿಯವರ ವಯಸ್ಸಿನವರೇ, ಹದಿನೈದಕ್ಕೇ ಗಂಡನನ್ನು ಕಳೆದುಕೊಂಡವರು. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ಅರುವತ್ತು ವರ್ಷ ಹಿತ್ತಿಲ ಕಡೆಯ ಕೋಣೆಯಲ್ಲಿ ಕಳೆದರು. ಅಂಗಡಿಯಿಂದ ಬೇಳೆ, ಬೆಲ್ಲ ಕಟ್ಟಿಕೊಟ್ಟ ಕಾಗದದ ಪೊಟ್ಟಣಗಳನ್ನು ಬಿಚ್ಚಿ, ಕೈಯಿಂದ ತೀಡಿ ನೇರ ಮಾಡಿ ಓದುತ್ತಿದ್ದರಂತೆ. ಯಾರಾದರೂ ಬಂದರೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರಂತೆ. ಅರ್ಧ ಹರಿದ ಕಥೆಯ ಮುಂದಿನ ಭಾಗವನ್ನು ಮಕ್ಕಳಿಗೆ ತಾವೇ ಕಟ್ಟಿ ಹೇಳುತ್ತಿದ್ದರು.

“ಅವರ ಹೆಸರೇನಜ್ಜಿ?” ಎಂದಳು ಮೊಮ್ಮಗಳು.

ಅಜ್ಜಿ ತುಸು ಹೊತ್ತು ಯೋಚಿಸಿದರು. “ನಾವೆಲ್ಲ ಮಡಿಯಜ್ಜಿ ಅಂತಲೇ ಕರೀತಿದ್ದದ್ದು, ಮಗಾ” ಎಂದರು. ಊರಿನಲ್ಲಿರುವ ತಮ್ಮನಿಗೆ ಫೋನು ಮಾಡಿ ಕೇಳುತ್ತೇನೆಂದರು.